ಎರಡೂವರೆ ಇಂಚಿನ ಕಿವಿ

ಕುಳ್ಳಗಿರುವುದೂ ಒಂದು ಅರ್ಹತೆ ಎಂದು ನನಗೆ ಗೊತ್ತಾದದ್ದು ನಮ್ಮ ಮನೆಗೆ ಮೊಲ ಬಂದ ಮೇಲೆ. ಮದುವೆಯಾದಾಗಿನಿಂದ ನನ್ನನ್ನು ಕುಳ್ಳಿ ಕುಳ್ಳಿ ಎಂದು ರೇಗಿಸಿಕೊಂಡು ಬಂದ ನಮ್ಮ ಯಜಮಾನರು ಒಂದು ಸಂಜೆ ಬುಟ್ಟಿಯೊಂದನ್ನು ತಂದು ನನ್ನ ಹೊಲಿಗೆ ಮಿಷನ್ನಿನ ಪಕ್ಕ ಇಟ್ಟರು. ಒಳಗೆ ಅಂಗೈಯಗಲದ ಮರಿ. ಕುಬ್ಜ ತಳಿಯಂತೆ, ಎಷ್ಟು ಕುಳ್ಳಗಿದ್ದರೆ ಅಷ್ಟು ಬೆಲೆಯಂತೆ. ಅವರು ಕಣ್ಣರಳಿಸಿ ನೋಡುತ್ತಿದ್ದರು. ನನ್ನನ್ನು ನೋಡಲು ಬಂದ ದಿನ ಈ ಕಣ್ಣು ಹೀಗೆ ಅರಳಿದ ನೆನಪು ನನಗಿಲ್ಲ.

ಯಜಮಾನರಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಊರಿಗೆಲ್ಲ ಕಣ್ಣು ಕಾಣುವಂತೆ ಮಾಡಿ ಮನೆಗೆ ಬಂದು ಕನ್ನಡಕ ಬಿಚ್ಚಿಡುತ್ತಾರೆ. ಮೊಲಕ್ಕೆ ಅವರು 'ಮಹಾರಾಣಿ' ಎಂದು ಹೆಸರಿಟ್ಟರು. ನಾನು ಗುಂಡಿ ಎಂದೆ. ಕೋಟಿನ ಗುಂಡಿಯಷ್ಟೇ ದುಂಡಗಿನ ಮುಖ. ಅದು ಎರಡು ಹೆಸರಿಗೂ ತಿರುಗಿ ನೋಡಲಿಲ್ಲ.

ಆಮೇಲೆ ತಳಿಯ ನಿಯಮಗಳ ಪಾರಾಯಣ ಶುರುವಾಯಿತು. ತಲೆ ದುಂಡಗಿರಬೇಕು, ಕತ್ತು ಇದೆಯೋ ಇಲ್ಲವೋ ಎನ್ನುವಂತಿರಬೇಕು, ಮೈ ಗಿಡ್ಡಗಿರಬೇಕು, ಕಿವಿ ಎರಡೂವರೆ ಇಂಚು ದಾಟಬಾರದು, ಸ್ವಭಾವ ಶಾಂತವಾಗಿರಬೇಕು. ಕೊನೆಯದನ್ನು ಗುಂಡಿಗೆ ಯಾರೂ ಓದಿ ಹೇಳಿರಲಿಲ್ಲ. ಪಂಜರಕ್ಕೆ ಕೈ ಹಾಕಿದರೆ ಗುರ್ ಎಂದು ಮುಂಗಾಲಲ್ಲಿ ಗುದ್ದುತ್ತಿತ್ತು. ಯಜಮಾನರ ಹೆಜ್ಜೆ ಸಪ್ಪಳಕ್ಕೆ ಹಿಂಗಾಲಿನಿಂದ ನೆಲ ಕುಟ್ಟುತ್ತಿತ್ತು. ನನಗೂ ಎಷ್ಟೋ ಸಲ ಹಾಗೆ ಕುಟ್ಟಬೇಕು ಎನಿಸಿದ್ದುಂಟು, ಆದ್ದರಿಂದ ನಮ್ಮಿಬ್ಬರಿಗೂ ಬೇಗ ಹೊಂದಿಕೆಯಾಯಿತು.

ಅದರ ಆರೈಕೆ ತನ್ನಷ್ಟಕ್ಕೆ ನನ್ನ ತಲೆಗೇ ಬಂತು. ಮೊಲವೆಂದರೆ ಕ್ಯಾರೆಟ್ ಎಂದುಕೊಂಡಿದ್ದೆ. ಅದು ಅದಕ್ಕೆ ಮಿಠಾಯಿ ಇದ್ದಂತೆ, ದಿನವಿಡೀ ಬೇಕಾದದ್ದು ಒಣಹುಲ್ಲು ಎಂದು ಪ್ರಾಣಿಗಳ ಡಾಕ್ಟರು ಹೇಳಿದರು. ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದಂತೆ, ಹುಲ್ಲು ಜಗಿದೇ ಸವೆಯಬೇಕಂತೆ. ಹೊಟ್ಟೆ ಸ್ವಲ್ಪ ಹೊತ್ತು ಖಾಲಿ ಬಿದ್ದರೂ ಜೀವಕ್ಕೇ ಅಪಾಯವಂತೆ. ಎತ್ತುವಾಗ ಹಿಂಭಾಗಕ್ಕೆ ಕೈ ಕೊಟ್ಟು ಎದೆಗೆ ಒತ್ತಿ ಹಿಡಿಯಬೇಕಂತೆ. ಹಾಗೆ ಹಿಡಿದ ಮೊದಲ ದಿನವೇ ಅದು ನನ್ನ ಸೆರಗಿನ ಅಂಚು ಕಡಿದುಹಾಕಿತು. ಬೈದೆ, ಆದರೆ ಕೆಳಗಿಳಿಸಲಿಲ್ಲ.

ಯಜಮಾನರ ಪಾಲಿಗೆ ಬಂದದ್ದು ಅಳೆಯುವ ಕೆಲಸ. ದಿನಾ ಸಂಜೆ ನನ್ನ ಟೇಪು ಹಿಡಿದು ಅದರ ಕಿವಿ ಅಳೆಯುವುದು, ಜ್ವರ ನೋಡಿದವರ ಹಾಗೆ ಮುಖ ಮಾಡುವುದು. ಒಂದು ದಿನ ಕಿವಿ ಎರಡೂವರೆಯ ಗೆರೆ ಮುಟ್ಟಿತು. ಅವರು ಅನ್ನ ಬಿಟ್ಟೆದ್ದು ಮರಿ ಮಾರಿದವನಿಗೆ ಫೋನು ಮಾಡಿದರು. ದಾಟಿದರೆ ತಂದುಬಿಡಿ, ಬೇರೆ ಮರಿ ಕೊಡುತ್ತೇನೆ, ಇದನ್ನು ಎಲ್ಲಾದರೂ ಸಾಗಹಾಕುತ್ತೇನೆ ಎಂದನಂತೆ ಅವನು. ಎಲ್ಲಿಗೆ ಎಂದು ಇವರು ಕೇಳಲಿಲ್ಲ. ಜೊತೆಗೆ, ಹುಲ್ಲು ಕಡಿಮೆ ಮಾಡಿದರೆ ಕಿವಿ ಬೆಳೆಯುವುದಿಲ್ಲ ಎಂಬ ಶೋಧವನ್ನೂ ಮಾಡಿ, ಹುಲ್ಲಿನ ಚೀಲವನ್ನು ಅಟ್ಟದ ಮೇಲಿಟ್ಟರು. ಕುಳ್ಳಿಯ ಕೈಗೆ ಎಟುಕಬಾರದಲ್ಲ.

ಅವರು ಮಲಗಿದ ಮೇಲೆ ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದೆ, ಚೀಲ ಅಲ್ಲೇ ಬಿಟ್ಟು ಬೇಕಾದಷ್ಟು ಹುಲ್ಲು ಇಳಿಸಿದೆ. ಆಮೇಲೆ ಪೆಟ್ಟಿಗೆಯ ತಳದಿಂದ ನನ್ನ ಹಳೇ ಟೇಪು ತೆಗೆದೆ. ಬಟ್ಟೆಯ ಟೇಪು, ಗಂಟು ಕಟ್ಟಲು ಬಳಸಿ ಬಳಸಿ ಎಳೆದುಹೋಗಿತ್ತು. ಗೆರೆಗಳು ಒಂದಕ್ಕೊಂದು ದೂರ ಸರಿದು, ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತಿತ್ತು. ಹೊಸದನ್ನು ಬಚ್ಚಿಟ್ಟು ಇದನ್ನು ಮೊಳೆಗೆ ನೇತುಹಾಕಿದೆ.

ಮರುದಿನ ಕಿವಿ ಇಳಿದಿತ್ತು. ಯಜಮಾನರು ಅದನ್ನು ತಮ್ಮ ಪಥ್ಯದ ಮಹಿಮೆ ಎಂದರು. ಆ ಖುಷಿಯಲ್ಲಿ ಅದೇ ಟೇಪನ್ನು ತಮ್ಮ ಸೊಂಟಕ್ಕೂ ಸುತ್ತಿಕೊಂಡರು. ಅಲ್ಲಿಯೂ ಇಳಿದಿತ್ತು. ಅಂದಿನಿಂದ ಊಟಕ್ಕೆ ಕೂತವರು ಎರಡನೇ ಸಲ ಬಡಿಸು ಎನ್ನತೊಡಗಿದರು. ಪ್ಯಾಂಟಿನ ಗುಂಡಿ ಕೂಡಲೊಲ್ಲದು. ಬಟ್ಟೆ ನೀರಿಗೆ ಕುಗ್ಗುವಂಥದ್ದು, ಅಂಗಡಿಯವನು ಟೋಪಿ ಹಾಕಿದ್ದಾನೆ ಎಂದು ಬೈದು, ಪಿನ್ನು ಚುಚ್ಚಿಕೊಂಡು ಅಂಗಿ ಇಳಿಬಿಟ್ಟರು.

ಇಷ್ಟೆಲ್ಲ ಬುದ್ಧಿ ಓಡಿಸಿದವಳಿಗೆ ಒಂದು ಹೊಳೆದಿರಲಿಲ್ಲ. ಅಳತೆ ಸರಿಯಿದೆ ಎಂದಮೇಲೆ ಇವರು ಸುಮ್ಮನೆ ಕೂರುತ್ತಾರೆಯೇ? ಮೊಲಗಳ ಪ್ರದರ್ಶನಕ್ಕೆ ಹೆಸರು ಕೊಟ್ಟು ಬಂದರು.

ಅಲ್ಲಿ ಉದ್ದಕ್ಕೂ ಮೇಜುಗಳು, ಮೇಜಿನ ಮೇಲೆ ಪಂಜರಗಳು. ತಮ್ಮ ತಲೆ ಬಾಚಿಕೊಳ್ಳದೆ ಬಂದ ಜನ ಮೊಲಕ್ಕೆ ಬ್ರಷ್ ಮಾಡುತ್ತಿದ್ದರು. ಮರಿ ಮಾರಿದವನೂ ಇದ್ದ, ಅವನ ಬುಟ್ಟಿಯಲ್ಲಿ ಇನ್ನೂ ಕುಳ್ಳನೆಯದೊಂದು ಮರಿ. ತೀರ್ಪು ಕೊಡುವ ಹೆಂಗಸು ಸ್ಟೀಲ್ ಸ್ಕೇಲು ಹಿಡಿದು ಬಂದಳು. ಗುಂಡಿ ಆಕೆಯ ಕೈಗೆ ಎರಡು ಗುದ್ದಿತು. ಆಕೆ ಪಾಪ, ನಗುತ್ತಲೇ ಕಿವಿಗೆ ಸ್ಕೇಲು ಹಿಡಿದು, ಅಳತೆ ಮೀರಿದೆ, ಸ್ಪರ್ಧೆಯಲ್ಲಿಲ್ಲ ಎಂದಳು.

ಯಜಮಾನರು ಬಿಡುತ್ತಾರೆಯೇ? ನಿಮ್ಮ ಸ್ಕೇಲೇ ತಪ್ಪು ಎಂದು ವಾದಕ್ಕೆ ನಿಂತು, ಜೇಬಿನಿಂದ ಟೇಪು ಎಳೆದು ಸ್ಕೇಲಿನ ಪಕ್ಕಕ್ಕೇ ಹಾಸಿದರು. ಟೇಪಿನ ಹತ್ತು ಇಂಚು ಸ್ಕೇಲಿನಲ್ಲಿ ಹನ್ನೊಂದರ ಹತ್ತಿರ ಹೋಗಿ ನಿಂತಿತು. ಇದು ಎಳೆದುಹೋಗಿದೆ ಎಂದು ಆಕೆ ಮುಂದಿನ ಪಂಜರಕ್ಕೆ ಹೋದಳು. ಸುತ್ತ ನಿಂತವರು ನಕ್ಕರು. ಯಜಮಾನರು ಟೇಪು ನೋಡಿದರು, ನನ್ನನ್ನು ನೋಡಿದರು. ಅವತ್ತು ಕನ್ನಡಕ ಹಾಕಿಕೊಂಡೇ ಬಂದಿದ್ದರು.

"ಕೊಡಿ ಸಾರ್, ಬದಲಾಯಿಸಿ ಕೊಡ್ತೀನಿ" ಎನ್ನುತ್ತಾ ಮರಿ ಮಾರಿದವನು ಪಂಜರಕ್ಕೆ ಕೈಯಿಟ್ಟ. ಯಜಮಾನರು ಬಾಗಿಲ ಚಿಲಕ ತೆಗೆದೇಬಿಟ್ಟರು. ನಾನು ಗುಂಡಿಯನ್ನು ಎತ್ತಿ ಎದೆಗೊತ್ತಿಕೊಂಡೆ.

"ರೀ, ಅಳತೆ ಮೀರಿದವರನ್ನ ವಾಪಸ್ ಕೊಡೋದೇ ಆದ್ರೆ ಇದೊಂದನ್ನೇ ಯಾಕೆ ಕೊಡ್ತೀರಾ?" ಎಂದೆ. "ಆ ಟೇಪಲ್ಲೇ ಅಲ್ವಾ ನಿಮ್ಮ ಸೊಂಟಾನೂ ಅಳೆದಿದ್ದು? ನೀವೂ ಹೋಗಿ ಬುಟ್ಟೀಲಿ ಕೂತ್ಕೊಳ್ಳಿ. ನಾನು ಕುಳ್ಳಗಿರೋರನ್ನೇ ಒಬ್ಬರನ್ನ ನೋಡ್ಕೊಂಡು ತಗೋತೀನಿ."

ಅವರ ಕೈ ತಾನಾಗಿ ಅಂಗಿಯ ಕೆಳಗಿನ ಪಿನ್ನಿಗೆ ಹೋಯಿತು. ಬಟ್ಟೆ ಕುಗ್ಗಿರಲಿಲ್ಲ ಎಂಬುದು ಅವರಿಗೆ ನಿಧಾನವಾಗಿ ಹೊಳೆಯುವುದನ್ನು ನಾನು ಆ ಮುಖದಲ್ಲೇ ನೋಡಿದೆ. ಮರಿ ಮಾರಿದವನು ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ.

"ಬೇಡ ಬಿಡಿ" ಎಂದರು ಯಜಮಾನರು. "ಮನೇಲಿ ಎಲ್ರಿಗೂ ಅಭ್ಯಾಸ ಆಗಿದೆ."

ಯಜಮಾನರು ಮನೆಗೆ ಬಂದವರೇ ಲುಂಗಿ ಸುತ್ತಿಕೊಂಡು, ಪ್ಯಾಂಟನ್ನು ಮಡಿಸಿ ತಂದು ಮಿಷನ್ನಿನ ಮೇಲಿಟ್ಟರು.

"ಸೊಂಟದ ಹತ್ರ ಸ್ವಲ್ಪ ಬಿಡಿಸಿ ಕೊಡ್ತೀಯಾ? ಒಳಗೆ ಮಡಿಸಿದ ಬಟ್ಟೆ ಇದ್ಯಾ?"

"ಇದೆ" ಎಂದೆ. "ನಿಮ್ಮದು ಯಾವಾಗ್ಲೂ ಬಟ್ಟೆ ಬಿಟ್ಟೇ ಹೊಲಿಯೋದು ನಾನು."

ಅವರು ಆಮೇಲೆ ಒಂದು ಹಿಡಿ ಹುಲ್ಲು ತಂದು, ಪಂಜರದ ಮುಂದೆ ನೆಲದ ಮೇಲೆ ಕಷ್ಟಪಟ್ಟು ಕೂತು, ಕೈ ಚಾಚಿದರು. ಗುಂಡಿ ಒಮ್ಮೆ ನೆಲ ಕುಟ್ಟಿತು. ಟೇಪು ಕಾಣದಿದ್ದಾಗ ಹತ್ತಿರ ಬಂದು ತಿನ್ನತೊಡಗಿತು. ನಾನು ಹೊಲಿಗೆ ಬಿಚ್ಚಲು ಕೂತೆ.