ಬಣ್ಣ ಬಿಡುವ ಸೀರೆ

ಕಾಮಾಕ್ಷಮ್ಮನ ಸೀರೆಗೆ ಲೇಬಲ್ ಇರಲಿಲ್ಲ.

ಮಿಕ್ಕಿದ್ದೆಲ್ಲ ಇತ್ತು. ಅರಿಶಿನದ ಒಡಲು, ಕೆಂಪು ಅಂಚು. ಮಲ್ಲಿಪಟ್ಟಣದ ಆಚೆಗಿನ ಊರಿನಲ್ಲಿ, ತನ್ನ ಮನೆಯ ಮಗ್ಗದ ಮೇಲೆ, ಮಗ ಮನುವಿನ ಮದುವೆಗೆಂದೇ ಅವಳು ನೇಯ್ದ ಧಾರೆ ಸೀರೆ ಅದು. ಹೆಣ್ಣಿನ ತಾಯಿ ಲಕ್ಕಮ್ಮ ಚನ್ನರಾಯಪಟ್ಟಣದಿಂದ ಬಂದವಳು ಅದನ್ನು ಮಗುಚಿ ಮಗುಚಿ ನೋಡಿದಳು.

"ಹೊಳೆಸಾಲು ಸೀರೆ ಅಂತೀರ, ಲೇಬಲ್ಲೇ ಇಲ್ವಲ್ಲ ಬೀಗ್ತಿ? ಸೂರತ್ತಿನ ಮಾಲು ತಂದು ಇದೇ ಎಸ್ರೇಳಿ ಮಾರ್ತಾವ್ರೆ. ನಮ್ಮ ಕಡೆಯೋರು ಮಂಟಪದಲ್ಲೇ ಲೇಬಲ್ಗೆ ಫೋನ್ ಇಡ್ದು ಚೆಕ್ ಮಾಡೋ ಪೈಕಿ. ಡೂಪ್ಲಿಕೇಟ್ ಉಡ್ಸುದ್ರು ಅನ್ನುಸ್ಕಬ್ಯಾಡಿ."

ಮಗ್ಗ ಲಕ್ಕಮ್ಮನ ಬೆನ್ನ ಹಿಂದೆಯೇ ಇತ್ತು.

ಹೊಳೆಸಾಲಿನ ಊರುಗಳಲ್ಲಿ ನೇಯ್ದದ್ದಕ್ಕೆ ಮಾತ್ರ ಆ ಹೆಸರು ಎಂದು ಸರ್ಕಾರದ ಜಿಐ ಗುರುತು ಸಿಕ್ಕ ಮೇಲೆ, ಲೇಬಲ್ಲುಗಳೆಲ್ಲ ನೇಕಾರರ ಸೊಸೈಟಿ ಕಾರ್ಯದರ್ಶಿ ರುದ್ರೇಶನ ಬೀರು ಸೇರಿದ್ದವು.

"ಮಾರೋ ಮಾಲಿಗೆ ಮಾತ್ರ ಕಣಕ್ಕ, ಮನೆ ಬಳಕೆಗೆ ಇಲ್ಲ," ಎಂದ ರುದ್ರೇಶ, ಅವಳು ಕೇಳಲು ಹೋದಾಗ. "ಒಂದ್ ಕೆಲ್ಸ ಮಾಡು. ಆ ಸೀರೇನ ಸೊಸೈಟಿಗೆ ಆಕ್ಬುಡು. ಲೇಬಲ್ ಒಲ್ಸಿ ಆಸನದ ಸೊಸೈಟಿ ಅಂಗ್ಡಿಗೆ ಕಳಿಸ್ತೀನಿ. ನೀನೋಗಿ ಕೊಂಡ್ಕ."

"ನನ್ ಸೀರೆಯ ನಾನೇ ಕೊಂಡ್ಕಬೇಕಾ?"

"ಊಂ. ಆದ್ರೆ ನೇಯ್ದೋಳು ನಾನೇ ಅಂತ ಬಾಯ್ಬುಡಬ್ಯಾಡ. ನೇಕಾರ್ರ ಮನೆಯೋರು ಅಲ್ಲಿ ಕೊಳ್ಳಂಗಿಲ್ಲ. ಮೊದ್ಲು ಯಾರೋ ರಿಬೇಟಲ್ಲಿ ಅಗ್ಗಕ್ಕೆ ಕೊಂಡು, ತಿರ್ಗಾ ಸೊಸೈಟಿಗೇ ಮಾರಿ ಆಟ ಆಡವ್ರೆ."

ಸೀರೆ ಹಾಸನಕ್ಕೆ ಹೋದ ಮಾರನೆಯ ದಿನವೇ ಅವಳು ಗಂಡ ರಂಗಸ್ವಾಮಿಯನ್ನು ಕರೆದುಕೊಂಡು ಬಸ್ಸು ಹತ್ತಿದಳು.

"ಅಂಗ್ಡೀಲಿ ನಿಮ್ಗೆ ಬಾಯಿಲ್ಲ, ತಿಳೀತಾ?"

"ಮೂಗ್ನಾ ನಾನು?"

"ಇವತ್ತೊಂದಿನ."

ಅವರು ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಸೀರೆ ಬೇರೊಬ್ಬರ ಹೆಗಲೇರಿತ್ತು. ಹೊಳೆನರಸೀಪುರದ ನಿವೃತ್ತ ಮೇಡಂ ಗೋದಮ್ಮ ಕನ್ನಡಿಯ ಮುಂದೆ ನಿಂತು ಆ ಕಡೆ ಈ ಕಡೆ ತಿರುಗುತ್ತಿದ್ದರು. ಅಂಗಡಿಯ ಹುಡುಗಿ ಆಗಲೇ ಚೀಲ ತೆಗೆದಿಟ್ಟಿದ್ದಳು.

ಕಾಮಾಕ್ಷಮ್ಮ ನೆಟ್ಟಗೆ ಹತ್ತಿರ ಹೋದಳು. "ಅಮ್ಮಾವ್ರೆ, ಅದು ಬ್ಯಾಡಿ. ಅಂಚು ಸೊಟ್ಟಗೆ ಸೆಳ್ಕಂಡದೆ ನೋಡಿ."

ಗೋದಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಹೌದಲ್ಲಾ! ಕೈಮಗ್ಗ ಅಂದ್ರೆ ಹೀಗೇ ಇರ್ಬೇಕು. ಮಿಷನ್ನಿಂದು ಗೆರೆ ಎಳೆದ ಹಾಗಿರತ್ತೆ."

"ಸೆರಗಿನತ್ರ ಒಂದೆಳೆ ತಪ್ಪೋಗದೆ."

ಆ ಎಳೆ ತಪ್ಪಿದ್ದು ಕಾಮಾಕ್ಷಮ್ಮನೊಬ್ಬಳಿಗೇ ಗೊತ್ತಿತ್ತು; ಅವತ್ತು ಒಲೆಯ ಮೇಲೆ ಹಾಲು ಉಕ್ಕಿತ್ತು. ಗೋದಮ್ಮ ಬೆರಳಾಡಿಸಿ ಅದನ್ನು ಹುಡುಕಿ, ಕಳೆದುಹೋದ ಕಿವಿಯೋಲೆ ಸಿಕ್ಕಷ್ಟು ಹಿಗ್ಗಿದರು.

"ಇಲ್ಲಿ ಚೀಟೀಲೂ ಬರ್ದಿದಾರೆ ನೋಡಿ, ಇಂಥ ಸಣ್ಣ ದೋಷಗಳೇ ಇದರ ಸೊಗಸು ಅಂತ. ಎಷ್ಟು ಚೆನ್ನಾಗಿ ಗೊತ್ತಮ್ಮಾ ನಿಮಗೆ!"

ನಿಜ ಹೇಳಿ ಕೆಲಸ ಕೆಟ್ಟಿತು. ಇನ್ನು ಉಳಿದದ್ದು ಸುಳ್ಳು.

"ಬಣ್ಣ ಬುಡ್ತದೆ ಅಮ್ಮಾವ್ರೆ. ಒಂದ್ ಒಗ್ತಕ್ಕೆ ಅರಿಶ್ನ ಎಲ್ಲಾ ನೀರಾಗೋಯ್ತದೆ."

ಗೋದಮ್ಮನ ಮುಖ ಸಪ್ಪಗಾಯಿತು. "ಬಣ್ಣ ಹೋಗತ್ತಾ? ಹಾಗಾದ್ರೆ ಬೇಡಪ್ಪ." ಸೀರೆಯನ್ನು ಹೆಗಲಿಂದ ಇಳಿಸಿದರು. ಕಾಮಾಕ್ಷಮ್ಮ ಎರಡು ಕೈಯನ್ನೂ ಚಾಚಿದಳು.

"ಏನಂದೆ?"

ರಂಗಸ್ವಾಮಿ ಬಾಗಿಲ ಬಳಿಯಿಂದ ಬಂದುಬಿಟ್ಟಿದ್ದ.

"ಬಣ್ಣ ಬುಡ್ತದಾ? ಲೇ, ನೂಲು ಕುದ್ಸಿ ಅದ್ದಿದೋನು ನಾನು ಕಣೆ! ಇಲ್ನೋಡಿ ಅಮ್ಮಾವ್ರೆ ಉಗುರ, ಸೋಪಾಕಿ ಉಜ್ಜುದ್ರೂ ಓಗಿಲ್ಲ! ನೀನ್ ನೇಯ್ದಿದ್ ಅಂಚು ಸೆಳ್ಕಂಡದೆ, ಒಪ್ತೀನಿ. ನನ್ ಬಣ್ಣದ ಸುದ್ದಿಗ್ ಬರಬ್ಯಾಡ!"

ಗೋದಮ್ಮ ಇಳಿಸಿದ ಸೀರೆಯನ್ನು ಮತ್ತೆ ಎದೆಗವಚಿಕೊಂಡರು. "ಅಯ್ಯೋ! ನೇಯ್ದೋರೇ ಬಂದಿದೀರಾ!"

"ನೇಕಾರರಾ ನೀವು?" ಎಂದಳು ಅಂಗಡಿಯ ಹುಡುಗಿ. "ಹಂಗಾದ್ರೆ ನಿಮಗೆ ಕೊಡಂಗಿಲ್ಲ ಅಮ್ಮಾ, ರೂಲ್ಸು."

"ನನ್ ಮಗನ ಧಾರೆಗೆ ನೇಯ್ದಿದ್ದು ಅಮ್ಮಾವ್ರೆ," ಎಂದಳು ಕಾಮಾಕ್ಷಮ್ಮ. "ಬುಟ್ಕೊಡಿ."

"ನಿಮಗೇನಮ್ಮಾ, ಮನೇಲೇ ಮಗ್ಗ ಇದೆ. ಇನ್ನೊಂದು ನೇಯ್ಕೋಬಹುದು. ನಮಗೆಲ್ಲಿ ಸಿಗಬೇಕು?" ಗೋದಮ್ಮ ಫೋನನ್ನು ಹುಡುಗಿಯ ಕೈಗಿತ್ತು, ಸೆರಗಿನ ತುದಿಯನ್ನು ಕಾಮಾಕ್ಷಮ್ಮನ ಕೈಗಿತ್ತರು. "ಒಂದು ಫೋಟೋ. ಸ್ವಲ್ಪ ನಗಿ."

ರಂಗಸ್ವಾಮಿಯೂ ಪಕ್ಕಕ್ಕೆ ಬಂದು ನಿಂತ.

ಊರಿಗೆ ಹಿಂದಿರುಗುವ ಬಸ್ಸು ಅರಕಲಗೂಡು ದಾಟಿತು. ರಂಗಸ್ವಾಮಿ ಕಿಟಕಿಯ ಕಡೆ ನೋಡುತ್ತ, "ಬಣ್ಣ ಮಾತ್ರ ಬುಡಾಕಿಲ್ಲ ಕಣೆ ಅದು," ಎಂದ.

ಕಾಮಾಕ್ಷಮ್ಮ ಎದ್ದು ಮುಂದಿನ ಸೀಟಿಗೆ ಹೋಗಿ ಕೂತಳು. ಮುಹೂರ್ತಕ್ಕೆ ಇನ್ನು ಒಂಬತ್ತು ದಿನವಿತ್ತು. ಹೋದದ್ದು ಒಂದು ಸೀರೆ; ಅದನ್ನು ನೇಯಲು ಹಿಡಿದದ್ದು ಒಂದು ತಿಂಗಳು.