ತಿರುಗಿ ನೋಡುವ ಕತ್ತೆ

ಸೋದರಮಾವ ಮೂರನೆಯ ಸಲ ಸುತ್ತಿಗೆ ಎತ್ತಿದಾಗ ಬೀಗ ಕಳಚಿ ಬಿತ್ತು. ಅದೇ ಹೊತ್ತಿಗೆ ಸತ್ತವನ ಮಗಳು ಬಾಗಿಲಲ್ಲಿ ಬಂದು ನಿಂತಳು.

“ಏನ್ ಮಾವ ಇದು? ಅಲ್ಲಿ ಹೆಣ ಮಲಗಿದೆ, ಇಲ್ಲಿ ನೀವು ಅಪ್ಪನ ಟ್ರಂಕ್ ಒಡೀತಿದೀರಾ?”

“ಮೆತ್ತಗೆ ಮಾತಾಡೇ, ಹೊರಗೆ ಜನ ಇದಾರೆ.” ಮಾವ ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿದ. “ಕೀಲಿಕೈ ಸಿಗಲಿಲ್ಲ, ಅದಕ್ಕೆ.”

“ಏನ್ ಬೇಕಿತ್ತು?”

“ಆ ಹಳೇ ಕತ್ತೆ ಕಣೇ, ಮರದ್ದು. ಯಜಮಾನರು ಖುದ್ದಾಗಿ ಬರ್ತಿದಾರೆ. ಕತ್ತೆ ತೆಗೆದಿಟ್ಟಿರು ಅಂತ ಫೋನ್ ಮಾಡಿದ್ರು.”

“ಅವರು ಬರ್ತಿರೋದು ಸಾವಿಗೋ ಕತ್ತೆಗೋ?”

“ಎರಡಕ್ಕೂ ಅಂತಿಟ್ಕೋ,” ಎಂದ ಮಾವ. ಹೇಳುವಾಗ ಅವನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ನಾಚಿಕೆಯಾಗಿದ್ದರೆ ಅವನು ಆಟಿಕೆ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗುತ್ತಿರಲಿಲ್ಲ. ಭಾವನ ಕೈಕಾಲು ಹಿಡಿದು ಕೆಲಸಕ್ಕೆ ಸೇರಿ, ಆರೇ ವರ್ಷದಲ್ಲಿ ಭಾವನ ಮೇಲೆಯೇ ಮೇಸ್ತ್ರಿಯಾಗಿ, “ಏನ್ರೀ, ಕೈ ಬೇಗ ಆಡ್ಲಿ” ಎಂದು ದಿನವೂ ಗದರಿದ ಮಹಾನುಭಾವ ಅವನು.

ಟ್ರಂಕಿನಲ್ಲಿ ಕತ್ತೆ ಇರಲಿಲ್ಲ. ಎರಡು ಉಳಿ, ಒಂದು ಅರ, ಮತ್ತೆ ಕೆಂಪು ಅಂಟುಪಟ್ಟಿಯ ಮೂರು ಸುರುಳಿ. ಪಟ್ಟಿಯ ಉದ್ದಕ್ಕೂ ‘ತಪಾಸಣೆ ಆಗಿದೆ – ೧೭’ ಎಂದು ಅಚ್ಚಾಗಿತ್ತು.

“ಇದನ್ನೆಲ್ಲಾ ಯಾಕೆ ಕೂಡಿಟ್ಟಿದ್ನೋ ಪುಣ್ಯಾತ್ಮ,” ಎಂದು ಮಾವ ಮೂಗು ಮುರಿದ. “ಕತ್ತೆ ಎಲ್ಲಿದೆ ಹೇಳೇ.”

ಕತ್ತೆ ಮಗಳ ಹೆಗಲಿನ ಚರ್ಮದ ಚೀಲದಲ್ಲಿತ್ತು. ಅವಳು ಬಸ್ ಕಂಡಕ್ಟರ್. ಇಪ್ಪತ್ತು ವರ್ಷ ಕಿಕ್ಕಿರಿದ ಬಸ್ಸುಗಳಲ್ಲಿ ಟಿಕೆಟ್ ಹರಿದವಳ ಗಂಟಲನ್ನು ಮೆತ್ತಗೆ ಮಾಡುವುದು ಯಾರ ಕೈಲೂ ಆಗುವ ಕೆಲಸವಲ್ಲ. ಮುಂದಿನ ವಾರ ಕಾರ್ಖಾನೆಗೆ ಐವತ್ತು ವರ್ಷ. ಅಲ್ಲಿ ಗಾಜಿನ ಪೆಟ್ಟಿಗೆ ಆಗಲೇ ಸಿದ್ಧವಾಗಿತ್ತು, ಅದಕ್ಕೆ ಹಿತ್ತಾಳೆಯ ಫಲಕವೂ ಕೂತಿತ್ತು: ‘ನಮ್ಮ ಸಂಸ್ಥಾಪಕರು ಸ್ವಹಸ್ತದಿಂದ ಕೆತ್ತಿದ ಪ್ರಥಮ ಕತ್ತೆ.’ ಇದನ್ನು ಅವಳಿಗೆ ಹೇಳಿದವನೂ ಈ ಮಾವನೇ, ಅದೂ ಹೆಮ್ಮೆಯಿಂದ.

“ಕತ್ತೆ ನನ್ನ ಹತ್ರ ಇದೆ,” ಎಂದಳು. “ಕೊಡ್ತೀನಿ. ಆದ್ರೆ ಅದನ್ನ ಮಾಡಿದ್ದು ನಮ್ಮಪ್ಪ ಅಂತ ನಿಮ್ಮ ಯಜಮಾನರು ಎಲ್ಲರ ಎದುರಿಗೆ, ಬಾಯಿಬಿಟ್ಟು ಹೇಳಬೇಕು. ಒಂದೇ ಮಾತು. ಅಷ್ಟು ಹೇಳಿ ತಗೊಂಡು ಹೋಗ್ಲಿ.”

“ತಲೆ ಕೆಟ್ಟಿದೆಯಾ ನಿಂಗೆ?”

“ಹೂಂ, ಕೆಟ್ಟಿದೆ. ಅಪ್ಪ ಸತ್ತಿದಾನೆ.”

*

ಈಗ ಸತ್ತು ಮಲಗಿರುವ ಡಬ್ಬಿಯಣ್ಣ ನಲವತ್ತು ವರ್ಷದ ಹಿಂದೆ ಇನ್ನೂ ಡಬ್ಬಿಯಣ್ಣ ಆಗಿರಲಿಲ್ಲ. ಬಣ್ಣದ ವಿಭಾಗದಲ್ಲಿ ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದ. ಮನೆಗೆ ಬಂದ ಮೇಲೆ ಕಿಟಕಿಯ ಕೆಳಗೆ ಕೂತು, ಹಳೆ ಕುರ್ಚಿಯ ಕಾಲನ್ನು ಕೆತ್ತಿ ಕೆತ್ತಿ ಏಳು ತಿಂಗಳಲ್ಲಿ ಒಂದು ಕತ್ತೆ ಮಾಡಿದ. ಇಳಿಜಾರು ಹಲಗೆಯ ಮೇಲೆ ಇಟ್ಟರೆ ಅದು ಟಕ್ ಟಕ್ ಟಕ್ ಎಂದು ಮೂರು ಹೆಜ್ಜೆ ನಡೆದು, ನಿಂತು, ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿತ್ತು. ನಡೆಯುವ ಆಟಿಕೆಗಳು ಎಲ್ಲ ಅಂಗಡಿಯಲ್ಲೂ ಇದ್ದವು. ನಿಂತು ಹಿಂದೆ ನೋಡುವಂಥದ್ದು ಎಲ್ಲೂ ಇರಲಿಲ್ಲ. ಅದರ ಹೊಟ್ಟೆಯೊಳಗೆ ಸೀಸದ ಒಂದು ಗುಂಡು ಇತ್ತು. ಬಾಲ ಎತ್ತಿದರೆ ಗುಂಡಿಗೆ ದಾರಿ ತೆರೆದುಕೊಳ್ಳುವುದು. ಎತ್ತದಿದ್ದರೆ ಹಿಂಭಾಗ ಭಾರವಾಗಿ ಕತ್ತೆ ಕೂತುಬಿಡುವುದು.

ಬಣ್ಣ ಬಳಿಯುವ ಮುಂಚೆಯೇ ಅದು ಎಂಟು ತಿಂಗಳ ಮಗಳ ಕೈಗೆ ಸಿಕ್ಕಿತು. ಅವಳಿಗೆ ಆಗ ಹಲ್ಲು ಬರುತ್ತಿತ್ತು. ಕತ್ತೆಯ ಎಡಗಿವಿಯ ತುದಿ ಹೋಯಿತು.

ಹಾಗೇ ಅದನ್ನು ತೆಗೆದುಕೊಂಡು ಹೋಗಿ ದೊಡ್ಡ ಯಜಮಾನರ ಮೇಜಿನ ಮೇಲೆ ಇಟ್ಟ. ಈಗಿನ ಯಜಮಾನರ ಅಪ್ಪ ಅವರು. ಮೂರು ವಾರ ಬಿಟ್ಟು ಕರೆಸಿ, “ಅಚ್ಚು ತೆಗೆದಾಯ್ತು, ಇದನ್ನ ಮನೆಗೆ ತಗೊಂಡು ಹೋಗು” ಎಂದು ಕತ್ತೆಯನ್ನು ವಾಪಸು ಕೊಟ್ಟರು. ಅವರಿಗೆ ಮರದ ಕತ್ತೆಯಿಂದ ಇನ್ನೇನೂ ಆಗಬೇಕಾಗಿರಲಿಲ್ಲ.

“ಸಾರ್, ಕಿವಿ ಸರಿಮಾಡಿ ಕೊಡ್ತಿದ್ದೆ. ಅದು ನಮ್ಮ ಮಗು ಕಚ್ಚಿದ್ದು.”

“ಅಚ್ಚು ಆಗಿಹೋಯ್ತು ಅಂದ್ನಲ್ಲ. ಯಾರು ಕಿವಿ ನೋಡ್ತಾರೆ?”

“ಒಳಗಿನ ಗುಂಡು ಹಾಕ್ಸಿದೀರಾ ಸಾರ್? ಬಾಲ ಸಡಿಲ ಇರ್ಬೇಕು…”

“ನಡೀತದಲ್ಲ, ಸಾಕು ಬಿಡು.”

ಹೀಗೆ ಕಿವಿ ಹರಿದ, ಬಾಲ ಅಂಟಿಸಿದ, ಕತ್ತು ಹೊರಳದ ಕತ್ತೆಗಳು ಲಕ್ಷಗಟ್ಟಲೆ ಹುಟ್ಟಿದವು. ನೆಟ್ಟಗೆ ನಡೆದು ಮೇಜಿನ ತುದಿಯಿಂದ ಕೆಳಗೆ ಬೀಳುವುದಷ್ಟೇ ಅವುಗಳ ವಿದ್ಯೆ. ಮಕ್ಕಳು ಪಾಪ, ಅದಕ್ಕೇ ನಕ್ಕವು. ಕಾರ್ಖಾನೆ ಕತ್ತೆಯನ್ನೇ ತನ್ನ ಗುರುತು ಮಾಡಿಕೊಂಡಿತು. ಕೆಲವು ವರ್ಷ ಕಳೆದ ಮೇಲೆ ಯಾವನೋ ಪಂಡಿತ ಕ್ಯಾಟಲಾಗಿನಲ್ಲಿ ಬರೆದ: ‘ಈ ಹರಿದ ಕಿವಿ ಸಂಸ್ಥಾಪಕರ ದರ್ಶನ. ಕೊರತೆಯಲ್ಲೂ ಚೆಲುವಿದೆಯೆಂಬ ಅವರ ಸಂದೇಶ.’ ಮಗುವಿನ ಎರಡು ಹಲ್ಲು ಹೀಗೆ ದರ್ಶನವಾಯಿತು.

ಕತ್ತೆ ಮಾಡಿದವನಿಗೆ ಸಿಕ್ಕಿದ್ದು ಪ್ಯಾಕಿಂಗ್ ವಿಭಾಗದ ಒಂದು ಕುರ್ಚಿ. ಮೂವತ್ತೊಂದು ವರ್ಷ ಅದರಲ್ಲಿ ಕೂತು ತನ್ನದೇ ಕತ್ತೆಯನ್ನು ಡಬ್ಬಿಗೆ ತುಂಬಿ, ತನ್ನ ನಂಬರು ಹದಿನೇಳರ ಕೆಂಪು ಪಟ್ಟಿ ಅಂಟಿಸಿ ಡಬ್ಬಿಯಣ್ಣನಾದ. ಪಟ್ಟಿ ಬಿದ್ದ ಡಬ್ಬಿಯನ್ನು ಯಾರೂ ಬಿಚ್ಚುವಂತಿಲ್ಲ, ಸ್ವತಃ ಯಜಮಾನರೂ ಬಿಚ್ಚುವಂತಿಲ್ಲ ಎಂಬುದು ದೊಡ್ಡ ಯಜಮಾನರೇ ಮಾಡಿ ಗೋಡೆಗೆ ಬರೆಸಿದ ನಿಯಮ. ಒಂದು ದಿನ, ಒಂದೇ ಒಂದು ದಿನ, ಈ ಮನುಷ್ಯ ಮೇಜು ಕುಟ್ಟಿ “ಇದು ನಂದು” ಎನ್ನಬಹುದಿತ್ತು. ಅನ್ನಲಿಲ್ಲ. ಇನ್ನೊಂದು ಡಬ್ಬಿ ಎತ್ತಿಕೊಂಡ.

ರಜೆಯ ದಿನ ಮಾತ್ರ ಇಸ್ತ್ರಿ ಹಲಗೆಯ ಒಂದು ತುದಿಗೆ ಎರಡು ಬೆಂಕಿಪೊಟ್ಟಣ ಕೊಟ್ಟು ಕತ್ತೆಯನ್ನು ನಡೆಸುತ್ತಿದ್ದ. ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: “ಶುರುವಾಯ್ತಾ? ಕತ್ತೆ ಮಾಡಿದ್ದು ನೀವು, ಮೆರೀತಿರೋದು ಅವರು. ಯಾರು ನಿಜವಾದ ಕತ್ತೆ ಅಂತ ಅದನ್ನೇ ಕೇಳಿ!”

ಅವನು ನಗುತ್ತಿದ್ದ. ಆ ನಗು ಕಂಡರೆ ಮಗಳಿಗೆ ಮೈಯೆಲ್ಲ ಉರಿಯುತ್ತಿತ್ತು.

*

ಯಜಮಾನರು ಬಂದಾಗ ಹನ್ನೊಂದು ಗಂಟೆ. ಅವರ ಮುಂದೆ ಒಬ್ಬ ಡ್ರೈವರ್ ಹೂವಿನ ದೊಡ್ಡ ಚಕ್ರ ಹಿಡಿದುಕೊಂಡು ಬಂದ. ಹೂವಿನ ನಡುವೆ ಪ್ಲಾಸ್ಟಿಕ್ಕಿನ ಕತ್ತೆಯೊಂದನ್ನು ತಂತಿಯಲ್ಲಿ ಕಟ್ಟಿದ್ದರು. ಸಾವಿನ ಮನೆಯಲ್ಲೂ ಜಾಹೀರಾತು ಬಿಡದ ಜನ.

ಎರಡು ಬೆಂಚುಗಳ ಮೇಲೆ, ಚಿತಾಗಾರಕ್ಕೆ ಒಯ್ಯಲು ತಂದ ಮರದ ಪೆಟ್ಟಿಗೆಯಲ್ಲಿ ಡಬ್ಬಿಯಣ್ಣ ಮಲಗಿದ್ದ, ಮುಚ್ಚಳ ಗೋಡೆಗೆ ಒರಗಿತ್ತು. ಸುತ್ತಲೂ ಕಾರ್ಖಾನೆಯ ಇಪ್ಪತ್ತು ಮಂದಿ. ಅರ್ಧ ದಿನದ ರಜೆ ಸಿಕ್ಕಿದ ಸಮಾಧಾನವನ್ನು ಮುಖದಿಂದ ಅಳಿಸಲು ಅವರು ತುಂಬಾ ಕಷ್ಟಪಡುತ್ತಿದ್ದರು.

“ಒಳ್ಳೇ ಮನುಷ್ಯ, ಜೋರಾಗಿ ಕೆಮ್ಮಿದವನೂ ಅಲ್ಲ,” ಎಂದ ಒಬ್ಬ.

“ಕೆಮ್ಮೋಕೂ ಮೇಸ್ತ್ರಿ ಹತ್ರ ಚೀಟಿ ಬರೆಸ್ಕೋಬೇಕಿತ್ತಲ್ಲ,” ಎಂದಳು ಪಕ್ಕದ ಮನೆಯ ಹೊಲಿಗೆಯಮ್ಮ. ಹೇಳಿದ್ದು ಮಾವನಿಗೆ ಕೇಳಿಸಲಿ ಎಂದೇ. ಮಾವನಿಗೆ ಕೇಳಿಸಲಿಲ್ಲ. ಅವನು ಯಜಮಾನರಿಗೆ ಕುರ್ಚಿ ಒರೆಸುತ್ತಿದ್ದ.

ಯಜಮಾನರು ಕೂರದೆ ಮಾತು ಶುರುಮಾಡಿದರು. “ಇವರು ನಮ್ಮ ಕುಟುಂಬದವರೇ. ನಮ್ಮ ತಂದೆಯವರು ಊಟದ ಮೇಜಿನ ಮೇಲೆ ಆ ಕತ್ತೆ ಕೆತ್ತುವಾಗ ನನಗೆ ಹತ್ತು ವರ್ಷ. ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಅದನ್ನ ನಡೆಸೋದು ಹೇಗೆ ಅಂತ ಕಲಿಸಿದ್ರು. ಆ ಕತ್ತೆಯನ್ನ ಪ್ರೀತಿಯಿಂದ ಪ್ರಪಂಚಕ್ಕೆ ಕಳಿಸಿಕೊಟ್ಟ ಕೈ ಇವರದು. ಇಂಥವರು ಸಿಗೋದಿಲ್ಲ.”

ಇಪ್ಪತ್ತು ತಲೆಗಳು ಹೌದು ಹೌದೆಂದು ಆಡಿದವು. ಅವರಲ್ಲಿ ಹಳಬರಾದ ಐದಾರು ಮಂದಿಗೆ ಕತ್ತೆ ಮಾಡಿದವರು ಯಾರೆಂದು ಚೆನ್ನಾಗಿ ಗೊತ್ತಿತ್ತು. ಅವರ ತಲೆ ಇನ್ನೂ ಜೋರಾಗಿ ಆಡಿತು.

ಮಗಳು ಚೀಲದಿಂದ ಕತ್ತೆ ತೆಗೆದು ಎತ್ತಿ ಹಿಡಿದಳು.

“ಓಹ್! ಇದೇ, ಇದೇ,” ಎಂದು ಯಜಮಾನರು ಕೈ ಚಾಚಿದರು.

“ಕೊಡ್ತೀನಿ ಸಾರ್. ಇದನ್ನ ಮಾಡಿದ್ದು ಈ ಪೆಟ್ಟಿಗೆಯಲ್ಲಿ ಮಲಗಿರೋರು. ಅಷ್ಟು ಹೇಳಿಬಿಡಿ.”

ಯಜಮಾನರು ನಕ್ಕರು. ಬಹಳ ಸೌಜನ್ಯದ ನಗು. “ನೋಡಮ್ಮಾ, ದುಃಖದಲ್ಲಿದೀಯ. ಕೈಜೋಡಿಸಿದೋರು ಎಷ್ಟೋ ಜನ ಇರ್ತಾರೆ…”

“ಎಷ್ಟೋ ಜನ ಬೇಡ. ಒಬ್ಬರ ಬಗ್ಗೆ ಹೇಳಿ.”

“ಏಯ್, ಬಾಯಿ ಮುಚ್ಚೇ!” ಎಂದು ಮಾವ ನುಗ್ಗಿ ಬಂದ.

ಅವಳು ಅವನತ್ತ ನೋಡಲೂ ಇಲ್ಲ. ಇಸ್ತ್ರಿ ಹಲಗೆ ತಂದು ಮೇಜಿನ ಮೇಲೆ ಇಟ್ಟಳು, ಒಂದು ತುದಿಗೆ ಎರಡು ಬೆಂಕಿಪೊಟ್ಟಣ ಕೊಟ್ಟಳು. “ಸರಿ ಸಾರ್. ತೊಡೆ ಮೇಲೆ ಕೂತು ಕಲ್ತಿದೀರಲ್ಲ. ನಡೆಸಿ ತೋರಿಸಿ. ಮೂರು ಹೆಜ್ಜೆ. ನಡೆಸಿದ್ರೆ ತುಟಿ ಬಿಚ್ಚದೆ ಕೊಟ್ಬಿಡ್ತೀನಿ.”

ಎಲ್ಲರೂ ನೋಡುತ್ತಿದ್ದರು. ಇಪ್ಪತ್ತು ಮಂದಿ ಕೆಲಸಗಾರರ ಎದುರಿಗೆ ಆಟಿಕೆ ಕಾರ್ಖಾನೆಯ ಯಜಮಾನ ಆಟಿಕೆ ಆಡಿಸಲಾರೆ ಎನ್ನುವುದು ಹೇಗೆ? ಯಜಮಾನರು ಕೋಟಿನ ತೋಳು ಹಿಂದಕ್ಕೆ ಎಳೆದು, ಕತ್ತೆಯನ್ನು ಹಲಗೆಯ ಮೇಲಿಟ್ಟು, ಬೆನ್ನಿಗೆ ಬೆರಳು ಕೊಟ್ಟು ನೂಕಿದರು.

ಕತ್ತೆ ಕೂತುಬಿಟ್ಟಿತು.

ಎತ್ತಿ ನಿಲ್ಲಿಸಿ ಮತ್ತೆ ನೂಕಿದರು. ಮತ್ತೆ ಕೂತಿತು. ಹೊಲಿಗೆಯಮ್ಮ ಫಕ್ಕನೆ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುವಂತೆ ನಟಿಸಿದಳು.

“ಹಳೇದಾಗಿದೆ ಸಾರ್, ಕೆಟ್ಟುಹೋಗಿದೆ,” ಎಂದ ಮಾವ.

“ಕೆಟ್ಟಿರೋದು ಅದಲ್ಲ,” ಎಂದು ಮೂಲೆಯಿಂದ ದನಿ ಬಂತು.

ಬೆಳಗಿನಿಂದ ಗೋಡೆಗೆ ಒರಗಿ ಕೂತಿದ್ದ ಡಬ್ಬಿಯಣ್ಣನ ಹೆಂಡತಿ ಎದ್ದು ಬಂದಳು. ಒಂದು ಹನಿ ಕಣ್ಣೀರೂ ಹಾಕದ ಹೆಂಗಸು ಎಂದು ಜನ ಆಗಲೇ ಪಿಸುಗುಟ್ಟಿದ್ದರು. ಅವಳು ಸೆರಗಿನ ತುದಿಯಿಂದ ಹಲಗೆ ಒರೆಸಿದಳು. ಕತ್ತೆಯನ್ನು ಎತ್ತಿಕೊಂಡು ಕಿರುಬೆರಳಿನಲ್ಲಿ ಅದರ ಬಾಲ ಎತ್ತಿ, ಹಲಗೆಯ ಮೇಲೆ ಬಿಟ್ಟಳು.

ಟಕ್. ಟಕ್. ಟಕ್. ಕತ್ತೆ ನಿಂತಿತು. ಹರಿದ ಕಿವಿಯ ತಲೆಯನ್ನು ನಿಧಾನವಾಗಿ ಹೊರಳಿಸಿ ಹಿಂದಕ್ಕೆ ನೋಡಿತು. ಹಿಂದೆ ಪೆಟ್ಟಿಗೆ ಇತ್ತು.

ಮೂವತ್ತು ವರ್ಷ ಅದೇ ಕತ್ತೆಗೆ ಬಣ್ಣ ಬಳಿದವರಿಗೂ ಅದು ತಿರುಗಿ ನೋಡಬಲ್ಲದು ಎಂಬುದು ಗೊತ್ತಿರಲಿಲ್ಲ.

“ಅಮ್ಮಾ, ನಿಂಗೆ ಹೇಗೆ ಗೊತ್ತು?” ಮಗಳ ಗಂಟಲು ಮೊದಲ ಸಲ ಮೆತ್ತಗಾಗಿತ್ತು. “ನೀನು ಅದನ್ನ ಮುಟ್ಟಿದ್ದೇ ಇಲ್ವಲ್ಲ.”

“ದಿನಾ ಧೂಳು ಒರೆಸಿ ಇಡ್ತಿದ್ದೋಳು ಯಾರು ಅಂದ್ಕೊಂಡೆ? ಅವರು ಕೆಲಸಕ್ಕೆ ಹೋದ್ಮೇಲೆ ಒಂದ್ಸಲ ನಡೆಸ್ತಿದ್ದೆ. ಅವರಿಗೆ ಗೊತ್ತಾದ್ರೆ ಹಿಗ್ಗಿಬಿಡ್ತಾರೆ ಅಂತ ಹೇಳಲಿಲ್ಲ.” ಆಮೇಲೆ ತನಗೆ ತಾನೇ ಎಂಬಂತೆ, “ಹೇಳಬೇಕಿತ್ತು,” ಎಂದಳು.

ಯಜಮಾನರ ಮುಖ ಕಪ್ಪಿಟ್ಟಿತ್ತು. ಆದರೂ ಅವರು ವ್ಯಾಪಾರಸ್ಥರು. “ಅದ್ಭುತ! ಗಾಜಿನ ಪೆಟ್ಟಿಗೆಯಲ್ಲಿ ಹೀಗೇ ತಿರುಗಿ ನೋಡೋ ಹಾಗೆ ಇಡೋಣ. ಫಲಕದಲ್ಲಿ ಕೆಳಗಡೆ, ಸಣ್ಣದಾಗಿ, ಇವರ ಸಹಕಾರದೊಂದಿಗೆ ಅಂತ…”

ಹೆಂಡತಿ ಕತ್ತೆಯನ್ನು ತೆಗೆದುಕೊಂಡಳು. ಪೆಟ್ಟಿಗೆಯ ಬಳಿ ಹೋಗಿ ಗಂಡನ ಬಲಗೈ ಕೆಳಗೆ ಅದನ್ನು ಸರಿಯಾಗಿ ಕೂರಿಸಿದಳು.

“ಅಮ್ಮಾ, ಬೇಡಮ್ಮಾ!” ಮಗಳು ಓಡಿ ಬಂದಳು. “ಅದು ಸುಟ್ಟುಹೋಗುತ್ತೆ. ಅಪ್ಪ ಮಾಡಿದ್ದು ಅನ್ನೋಕೆ ಅದೊಂದೇ ಸಾಕ್ಷಿ.”

“ಯಾರಿಗೆ ತೋರಿಸ್ತೀಯ ಸಾಕ್ಷಿ? ಇವರಿಗಾ?” ಅವಳು ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿದಳು. ಹಳಬರು ಐದಾರು ಮಂದಿ ತಮ್ಮ ಚಪ್ಪಲಿ ನೋಡಿಕೊಂಡರು. “ಇದನ್ನ ಮಾಡಿದ್ದು ನಿಮ್ಮಪ್ಪ ಅಂದ್ರೂ ಇವರು ತಲೆ ಆಡಿಸ್ತಾರೆ, ಯಜಮಾನರು ಅಂದ್ರೂ ತಲೆ ಆಡಿಸ್ತಾರೆ. ಮುಚ್ಚಳ ಹಿಡ್ಕೋ ಆ ಕಡೆ.”

ಮಗಳು ಒಂದು ಗಳಿಗೆ ಕತ್ತೆಯನ್ನು ನೋಡಿದಳು. ಎಡಗಿವಿಯ ತುದಿಯಲ್ಲಿ ತನ್ನದೇ ಹಲ್ಲಿನ ಗುರುತು. ಅಲ್ಲಿಯವರೆಗೆ ತಡೆದಿದ್ದ ಅಳು ಒಮ್ಮೆಲೇ ಒತ್ತಿ ಬಂತು. ಅಳುತ್ತಲೇ ಮುಚ್ಚಳದ ಆ ಕಡೆ ಹಿಡಿದಳು.

ಮುಚ್ಚಳ ಕೂತಿತು. ಹೆಂಡತಿ ಒಳಗೆ ಹೋಗಿ, ಒಡೆದ ಟ್ರಂಕಿನಿಂದ ಒಂದು ಕೆಂಪು ಸುರುಳಿ ತಂದಳು. ಪೆಟ್ಟಿಗೆಯ ಸುತ್ತ ಪಟ್ಟಿ ಎಳೆದು, ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದಳು. ತಪಾಸಣೆ ಆಗಿದೆ, ಹದಿನೇಳು. ತಪಾಸಣೆ ಆಗಿದೆ, ಹದಿನೇಳು.

“ತಾಯೀ, ಅದು ಕಂಪನಿಯ ಇತಿಹಾಸ. ದಯವಿಟ್ಟು ತೆಗೆಸಿ,” ಎಂದರು ಯಜಮಾನರು. ಈಗ ಅವರ ದನಿಯಲ್ಲಿ ಸೌಜನ್ಯ ಇರಲಿಲ್ಲ.

“ಪಟ್ಟಿ ಬಿದ್ಮೇಲೆ ಯಾರೂ ಬಿಚ್ಚೋ ಹಾಗಿಲ್ಲ. ನಿಮ್ಮಪ್ಪನೇ ಗೋಡೆಗೆ ಬರೆಸಿದಾರೆ,” ಎಂದಳು ಹೆಂಡತಿ. “ಮೇಸ್ತ್ರೀ, ಎತ್ತಿಸು. ಕೈ ಬೇಗ ಆಡ್ಲಿ.”

ಮಾವ ಯಜಮಾನರ ಮುಖ ನೋಡಿದ, ಅಕ್ಕನ ಮುಖ ನೋಡಿದ. ಅಷ್ಟರಲ್ಲಿ ಪ್ಯಾಕಿಂಗಿನ ನಾಲ್ವರು ಅವನನ್ನು ಪಕ್ಕಕ್ಕೆ ಸರಿಸಿ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರು. ಪೆಟ್ಟಿಗೆ ಹೊತ್ತ ವ್ಯಾನು ಹೊರಟಿತು. ಜನರೂ ಅದರ ಹಿಂದೆ ಹೊರಟರು.

ನೆಲ ತೊಳೆಯಲು ಬಕೆಟ್ ಹಿಡಿದು ಬಂದ ಹೊಲಿಗೆಯಮ್ಮನಿಗೆ ಕೋಣೆ ಖಾಲಿ ಸಿಗಲಿಲ್ಲ. ಯಜಮಾನರು ಹೂವಿನ ಚಕ್ರದಿಂದ ಪ್ಲಾಸ್ಟಿಕ್ ಕತ್ತೆಯನ್ನು ಕಿತ್ತುಕೊಂಡು ಇಸ್ತ್ರಿ ಹಲಗೆಯ ಮುಂದೆ ಬಗ್ಗಿದ್ದರು. ಕಿರುಬೆರಳಿನಿಂದ ಅದರ ಬಾಲ ಎತ್ತಲು ನೋಡುತ್ತಿದ್ದರು. ಅಂಟಿಸಿದ ಬಾಲ ಲಟಕ್ಕನೆ ಮುರಿದು ಕೈಗೆ ಬಂತು. ಕತ್ತೆ ಹಲಗೆಯಿಂದ ನೆಟ್ಟಗೆ ಇಳಿದು, ಮೇಜು ದಾಟಿ, ನೆಲಕ್ಕೆ ಬಿತ್ತು.

“ಸ್ವಲ್ಪ ಕಾಲೆತ್ತಿ ಸಾರ್,” ಎಂದಳು ಹೊಲಿಗೆಯಮ್ಮ, ನೀರು ಸುರಿಯುತ್ತ.

ಬಾಲ ಕೈಯಲ್ಲಿ ಹಿಡಿದುಕೊಂಡೇ ಯಜಮಾನರು ಕಾಲೆತ್ತಿದರು.