ದನಿ ಕಡ ಕೊಟ್ಟವಳು

ಸೆಬು ದ್ವೀಪದ ರೇಡಿಯೋ ನಾಟಕಗಳಲ್ಲಿ ರಾಣಿ, ಅತ್ತೆ, ಮಾಟಗಾತಿ ಎಲ್ಲ ಆಗಿದ್ದವಳು ಸೊರಿಂಗ್. ಊರಿಗೆಲ್ಲ ಅಕ್ಕ, ಮನಾಂಗ್ ಸೊರಿಂಗ್. ಅವಳ ನಾಟಕ ಶುರುವಾದರೆ ಮನೆಮನೆಯಲ್ಲೂ ಒಲೆಯ ಮೇಲೆ ಅನ್ನ ಸೀಯುತ್ತಿತ್ತು.

ನಾನು ಹುಟ್ಟುಕುರುಡ, ಮಸಾಜ್ ಮಾಡಿ ಬದುಕುವವನು. ನಮ್ಮ ಅಂಧರ ಸಂಘ ಕೇಳಿಕೊಂಡಾಗ ಅವಳು ತನ್ನ ದನಿಯನ್ನೇ ಒಂದು ಕಂಪನಿಯ ಯಂತ್ರಕ್ಕೆ ಕಲಿಸಿಕೊಟ್ಟಳು. ಅಂದಿನಿಂದ ನನ್ನ ಫೋನು ಅವಳ ದನಿಯಲ್ಲಿ, ನಮ್ಮ ಮಾತಿನಲ್ಲೇ ಪತ್ರಿಕೆ ಓದತೊಡಗಿತು. ದುಬೈಯಲ್ಲಿ ದುಡಿಯುವ ಹೆಂಡತಿಯ ಮೆಸೇಜನ್ನು ಪಕ್ಕದ ಮನೆಯವರ ಬಾಯಲ್ಲಿ ಕೇಳುವ ನಾಚಿಕೆ ನನಗೆ ತಪ್ಪಿತು.

ಆಮೇಲೆ ಯಾರೋ ಆ ದನಿಯನ್ನು ನಕಲು ಮಾಡಿದರು. "ಸಕ್ಕರೆ ಕಾಯಿಲೆ ಗುಳಿಗೆ ಬಿಸಾಕಿ, ಈ ಎಲೆಪುಡಿ ಕುಡೀರಿ. ನಿಮ್ಮ ಸೊರಿಂಗ್ ಹೇಳ್ತಿದೀನಿ" ಎಂದು ಫೋನಿಂದ ಫೋನಿಗೆ ಹಬ್ಬಿತು. ಅವಳ ನೆರೆಮನೆಯ ಮುದುಕ ಕ್ರಿಸ್ಪುಲೊ ನಂಬಿ ಗುಳಿಗೆ ಬಿಟ್ಟ. ಕಾಲು ಕೊಳೆತು, ಪಾದ ಕತ್ತರಿಸಬೇಕಾಯಿತು.

ಅವಳು ಆಸ್ಪತ್ರೆಗೆ ಓಡಿದಳು. "ನಾನು ಹೇಳಿದ್ದಲ್ಲ, ಅಣ್ಣ."

"ನಿನ್ನ ದನಿ ನನಗೆ ಗೊತ್ತಾಗಲ್ವೇನೆ?" ಎಂದು ಅವನು ಗೋಡೆಯ ಕಡೆ ತಿರುಗಿದ.

ಅಲ್ಲಿಂದ ನೇರ ಸಂಘಕ್ಕೆ ಬಂದಳು. "ನನ್ನ ದನಿ ವಾಪಸ್ ಕೊಡಿ. ಯಂತ್ರದಿಂದ ಅಳಿಸಿಹಾಕಿ."

ನನಗೆ ಸಿಟ್ಟು ಬಂತು. "ಅಳಿಸಿದ್ರೆ ಕಳ್ಳನ ಬಾಯಿ ಮುಚ್ಚುತ್ತಾ ಮನಾಂಗ್? ಅವನ ಹತ್ರ ನಕಲಿದೆ. ಮೂಕರಾಗೋದು ನಾವು."

"ಹಂಗಾದ್ರೆ ಆ ಕಾಲಿಗೆ ಏನು ಹೇಳ್ತೀಯೋ ತಮ್ಮಾ?"

ಅವಳು ಕುರ್ಚಿ ಸರಿಸಿ ಎದ್ದ ಸದ್ದಾಯಿತು. "ಅಳಿಸೋದು ಬೇಡ, ಅಸಲು ಯಾವುದು ನಕಲು ಯಾವುದು ಅಂತ ಜನಕ್ಕೆ ಗೊತ್ತಾಗಬೇಕು. ನಡೀರಿ, ಕಂಪನಿಗೆ ಹೋಗೋಣ."

ಅಲ್ಲಿ ಅವಳು ಕೇಳಿದ್ದು ಎರಡೇ. ಯಂತ್ರ ಬಾಯಿ ಬಿಟ್ಟಾಗೆಲ್ಲ ಮೊದಲು ತಾನು ಯಂತ್ರ ಎಂದು ಹೇಳಬೇಕು. ನಕಲು ಮಾಡಿದರೆ ಪತ್ತೆಯಾಗುವ ಗುರುತನ್ನು ದನಿಯೊಳಗೇ ಇಡಬೇಕು.

ಅಧಿಕಾರಿ ಹುಡುಗಿ ರಾಗ ಎಳೆದಳು. "ಪ್ರತಿ ಸಲ ಹೇಳಿದ್ರೆ ಜನಕ್ಕೆ ಕಿರಿಕಿರಿ ಆಗುತ್ತೆ ಮೇಡಂ."

"ಆಗ್ಲಿ. ಬಾಗಿಲಿಗೆ ಚಿಲಕ ಹಾಕೋದೂ ಕಿರಿಕಿರಿನೇ. ನಿಮ್ಮನೇಲಿ ಹಾಕಲ್ವಾ?"

ನಾವೆಲ್ಲ ಕೋಲು ಊರಿ ಅವಳ ಹಿಂದೆಯೇ ನಿಂತಿದ್ದೆವು. ಬಳಸುವವರೇ ಕೇಳುತ್ತಿರುವಾಗ ಬೇಡವೆನ್ನಲು ಅವರಿಗೂ ಆಗಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಎರಡೂ ಆದವು.

ಆದರೆ ಮೊದಲೇ ಹಬ್ಬಿದ ಸುಳ್ಳು ಹಾಗೆಯೇ ಓಡಾಡುತ್ತಿತ್ತು. ಅದಕ್ಕೆ ಸೊರಿಂಗ್ ಸಂತೆಸಂತೆಗೆ ಹೊರಟಳು, ಜೊತೆಗೆ ನಾನೂ. ಒಣಮೀನಿನ ಅಂಗಡಿಗಳ ನಡುವೆ ನಿಂತು, "ನಾನು ಯಾರಿಗೂ ಔಷಧಿ ಹೇಳಲ್ಲ. ಹೇಳಿದ್ರೆ ಅದು ನಾನಲ್ಲ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಕೆಲವರು ಕೇಳಿಸಿಕೊಂಡರು. "ಈಗ ಮಾತಾಡ್ತಿರೋದು ಅಕ್ಕನೋ, ಯಂತ್ರನೋ?" ಎಂದು ಕೆಲವರು ನಕ್ಕರು.

ಒಂದು ಬೆಳಿಗ್ಗೆ ನಾವು ಹೊರಡುವಾಗ ಊರುಗೋಲಿನ ಸದ್ದು ಹತ್ತಿರ ಬಂತು. ಕ್ರಿಸ್ಪುಲೊ!

"ಆ ಯಂತ್ರ ನಿನ್ನ ದನೀಲಿ ಮಾತಾಡೋದು ನಾನೂ ಕೇಳಿದೆ ಕಣೆ, ಅವತ್ತು ಹೇಳಿದ್ದು ನೀನಲ್ಲ. ನನ್ನನ್ನೂ ಕರ್ಕೊಂಡು ಹೋಗು. ನಿನ್ನ ಮಾತು ನಂಬದವರು ನನ್ನ ಕಾಲು ನೋಡಿ ನಂಬ್ತಾರೆ."

"ಮೆಲ್ಲಗೆ ಹತ್ತು ಅಣ್ಣ" ಎಂದು ಸೊರಿಂಗ್ ಅವನ ಊರುಗೋಲು ತೆಗೆದುಕೊಂಡಳು. ನಾನು ಕೈಯಿಂದ ತಡವಿ ಜೀಪ್ನಿ ಬಸ್ಸಿನಲ್ಲಿ ಅವನಿಗೆ ಜಾಗ ಮಾಡಿಕೊಟ್ಟೆ.